ತಕರಾರಿಲ್ಲದ ಮೊಕದ್ದಮೆ: ಇಂಗ್ಲಿಷ್ ಮತ್ತು ಪೋರ್ಚುಗೀಸ್ ಕಾಗದಪತ್ರ ಅನುವಾದಿಸುವವರಿಗೆ ಸಮಗ್ರ ಮಾರ್ಗದರ್ಶಿ

'ಮೌನಂ ಸಮ್ಮತಿಲಕ್ಷಣಂ' ಎಂಬ ಮಾತನ್ನು ನ್ಯಾಯಾಲಯದ ಹೊಸ್ತಿಲಾಚೆಯೇ ಬಿಟ್ಟು ಒಳಗೆ ಹೋಗಬೇಕು. ಒಂದು ಮೊಕದ್ದಮೆಯಲ್ಲಿ ಗಂಡ ಅರ್ಜಿ ಹಾಕಿದ, ಹೆಂಡತಿ ಉತ್ತರವನ್ನೇ ಕೊಡಲಿಲ್ಲ, ವಿಚ್ಛೇದನವಾಯಿತು. ಇನ್ನೊಂದರಲ್ಲಿ ಇಬ್ಬರೂ ಕುಳಿತು ಮಾತಾಡಿ ಸಹಿ ಹಾಕಿದರು, ವಿಚ್ಛೇದನವಾಯಿತು. ಮೂರನೆಯದರಲ್ಲಿ ಎದುರಾಳಿ ಎಂಬವರೇ ಇಲ್ಲ. ತೀರಿಕೊಂಡ ತಂದೆಯ ಬ್ಯಾಂಕ್ ಖಾತೆಯ ಹಣ ಪಡೆಯಲು ಮಗಳಿಗೆ ನ್ಯಾಯಾಲಯದ ಅನುಮತಿ ಬೇಕಿತ್ತು, ಅಷ್ಟೇ. ಇಂಗ್ಲಿಷಿನಲ್ಲಿ ಈ ಮೂರಕ್ಕೂ 'ಅನ್‌ಕಂಟೆಸ್ಟೆಡ್' ಎಂಬ ಒಂದೇ ಪದ ಸಾಕಾಗಿಬಿಡುತ್ತದೆ. ಪೋರ್ಚುಗೀಸಿನಲ್ಲಿ ಮೂರಕ್ಕೂ ಬೇರೆ ಬೇರೆ ಹೆಸರುಗಳಿವೆ, ಹೆಸರು ತಪ್ಪಿದರೆ ಕಾಗದ ಹೋಗಬೇಕಾದ ಕಚೇರಿಯೇ ತಪ್ಪುತ್ತದೆ.

ಎರಡೂ ಭಾಷೆ ಬಲ್ಲ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಅರ್ಜಿ, ರಾಜಿ, ಗೈರುಹಾಜರಿ ಎಂದು ನಮ್ಮ ಕೋರ್ಟಿನ ಕನ್ನಡ ಮೊದಲಿನಿಂದಲೂ ಈ ಮೂರನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಇಂಗ್ಲಿಷಿನಿಂದ ಪೋರ್ಚುಗೀಸಿಗೆ ನೇರವಾಗಿ ಹಾರುವ ಬದಲು, ನಡುವೆ ಒಮ್ಮೆ ಕನ್ನಡದಲ್ಲಿ 'ಇದು ಅರ್ಜಿಯೋ, ರಾಜಿಯೋ, ಗೈರುಹಾಜರಿಯೋ' ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ ಈ ಬರಹ.

ಮೊದಲ ಹೆಜ್ಜೆ: ಶೀರ್ಷಿಕೆ ಬಿಟ್ಟು ಎದುರಾಳಿಯನ್ನು ಹುಡುಕಿ

ಕಾಗದದ ತಲೆಬರಹ ಏನೇ ಇರಲಿ, ಎದುರುಪಕ್ಷದವರು ಏನು ಮಾಡಿದರು ಎಂಬ ವಾಕ್ಯವನ್ನು ಮೊದಲು ಹುಡುಕಿ. ಅದು ಸಾಮಾನ್ಯವಾಗಿ ಆದೇಶದ ಪೀಠಿಕೆಯಲ್ಲಿ, ಯಾರೂ ಗಮನ ಕೊಟ್ಟು ಓದದ ಜಾಗದಲ್ಲಿ ಇರುತ್ತದೆ.

ನ್ಯೂಯಾರ್ಕ್ ರಾಜ್ಯದ ವಿಚ್ಛೇದನ ತೀರ್ಪನ್ನೇ ನೋಡೋಣ. ಅಲ್ಲಿ ಸಂಗಾತಿ ಒಪ್ಪಿ ಪ್ರಮಾಣಪತ್ರ ಕೊಟ್ಟರೂ 'ಅನ್‌ಕಂಟೆಸ್ಟೆಡ್', ಸಮನ್ಸ್ ತಲುಪಿಯೂ ಸುಮ್ಮನಿದ್ದರೂ 'ಅನ್‌ಕಂಟೆಸ್ಟೆಡ್'. ಎರಡಕ್ಕೂ ಬಳಸುವ ನಮೂನೆಗಳ ಕಟ್ಟು ಬಹುತೇಕ ಒಂದೇ. ಒಂದು ತೀರ್ಪಿನ ಪೀಠಿಕೆಯಲ್ಲಿ 'ಪ್ರತಿವಾದಿಗೆ ಸಮನ್ಸ್ ಖುದ್ದಾಗಿ ಜಾರಿಯಾಗಿದ್ದು, ಅವಧಿಯೊಳಗೆ ಹಾಜರಾಗದೆ ಇರುವುದರಿಂದ' ಎಂಬ ಅರ್ಥದ ಸಾಲಿರುತ್ತದೆ. ಇನ್ನೊಂದರಲ್ಲಿ 'ಪ್ರತಿವಾದಿಯು ಪ್ರಮಾಣಪತ್ರದ ಮೂಲಕ ಸಮ್ಮತಿಸಿರುವುದರಿಂದ' ಎಂದಿರುತ್ತದೆ. ಮೊದಲನೆಯದು ಪೋರ್ಚುಗೀಸಿನಲ್ಲಿ 'ರೆವೆಲೀಯಾ', ಅಂದರೆ ಗೈರುಹಾಜರಿ. ಎರಡನೆಯದನ್ನು ಮಾತ್ರ 'ಕೊನ್ಸೆನ್ಸುವಾಲ್', ಅಂದರೆ ಒಪ್ಪಿಗೆಯದು, ಎಂದು ಕರೆಯಲು ಬರುತ್ತದೆ. ಹಾಗಾಗಿ ಕಕ್ಷಿದಾರರು ಬರೀ ತೀರ್ಪಿನ ಪುಟ ಕಳುಹಿಸಿದ್ದರೆ, ಪ್ರತಿವಾದಿಯ ಪ್ರಮಾಣಪತ್ರ ಕಡತದಲ್ಲಿ ಇದೆಯೇ ಎಂದು ಕೇಳಿ. ಇದೆಯೆಂದಾದರೆ ಅದನ್ನೂ ತರಿಸಿಕೊಳ್ಳಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಳಿವು ಬೇರೆ ಕಡೆ ಇದೆ. 2022ರ ಏಪ್ರಿಲ್ 6ರಿಂದ ಅಲ್ಲಿ ತಪ್ಪು ಯಾರದೆಂದು ಹೇಳಬೇಕಾಗಿಲ್ಲದ ವಿಚ್ಛೇದನ ಜಾರಿಯಲ್ಲಿದೆ. ದಂಪತಿ ಜಂಟಿಯಾಗಿ ಅರ್ಜಿ ಹಾಕುವ ಅವಕಾಶವೂ ಅಂದಿನಿಂದಲೇ ಬಂತು. ಆದೇಶದಲ್ಲಿ ಇಬ್ಬರೂ ಅರ್ಜಿದಾರರೆಂದಿದ್ದರೆ ಅದು ಜಂಟಿ ಅರ್ಜಿ, ಒಪ್ಪಿಗೆ ಸ್ಪಷ್ಟ. ಒಬ್ಬರು ಅರ್ಜಿದಾರರು, ಇನ್ನೊಬ್ಬರು ಎದುರುದಾರರು ಎಂದಿದ್ದರೆ ಎದುರುದಾರರು ತಕರಾರು ತೆಗೆದಿಲ್ಲ ಎಂದಷ್ಟೇ ಹೇಳಬಹುದು. ಈಗಿನ ಕಾನೂನಿನಲ್ಲಿ ತಕರಾರಿಗೆ ಉಳಿದಿರುವ ಕಾರಣಗಳೇ ಬೆರಳೆಣಿಕೆಯಷ್ಟು: ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿ ಇಲ್ಲ, ಮದುವೆ ಸಿಂಧುವಲ್ಲ, ಮದುವೆ ಆಗಲೇ ಮುರಿದಿದೆ ಎಂಬಂಥವು. ತಕರಾರು ತೆಗೆಯಲು ದಾರಿಯೇ ಇಲ್ಲದವರ ಮೌನವನ್ನು 'ಸಮ್ಮತಿ' ಎಂದು ಅನುವಾದಿಸುವುದು ಅನುವಾದಕರು ತಾವೇ ತೀರ್ಪು ಬರೆದಂತೆ.

ಎರಡನೆಯ ಹೆಜ್ಜೆ: ಗುಂಪು ಹಾಕಿ

ಪೋರ್ಚುಗೀಸ್ ಪದಗಳನ್ನು ಇಲ್ಲಿ ಕನ್ನಡದ ಕಿವಿಗೆ ಹತ್ತಿರವಾಗುವಂತೆ ಬರೆದಿದ್ದೇನೆ. ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಉಚ್ಚಾರಣೆ ಒಂದೇ ಅಲ್ಲ, ಆ ಜಗಳಕ್ಕೆ ಈಗ ಹೋಗುವುದಿಲ್ಲ.

ಎದುರಾಳಿಯೇ ಇಲ್ಲದ ಅರ್ಜಿಗಳ ಗುಂಪಿಗೆ 'ಜುರಿಸ್ದಿಸಾಂವ್ ವೊಲುಂತಾರಿಯಾ' ಎನ್ನುತ್ತಾರೆ. ಬ್ರೆಜಿಲ್‌ನ 2015ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದು 719ನೇ ವಿಧಿಯಿಂದ, ಪೋರ್ಚುಗಲ್‌ನ 2013ರ ಸಂಹಿತೆಯಲ್ಲಿ 986ನೇ ವಿಧಿಯಿಂದ ಆರಂಭವಾಗುತ್ತದೆ. 'ಸ್ವಯಂಪ್ರೇರಿತ ಅಧಿಕಾರವ್ಯಾಪ್ತಿ' ಎಂದು ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ, ಯಾರೋ ತಾವಾಗಿಯೇ ನ್ಯಾಯಾಲಯದ ಅಧಿಕಾರಕ್ಕೆ ತಲೆಬಾಗಿದರು ಎಂಬ ಬೇರೆಯದೇ ಅರ್ಥ ಅಲ್ಲಿನ ಓದುಗರಿಗೆ ಹೊಳೆಯಬಹುದು. 'ನಾನ್‌ಕಂಟೆನ್ಷಿಯಸ್ ಪ್ರೊಸೀಡಿಂಗ್ಸ್' ಎನ್ನುವುದೇ ಕ್ಷೇಮ.

ಈ ಗುಂಪಿನ ಒಂದು ವಿಶೇಷವನ್ನು ಗಮನಿಸಲೇಬೇಕು. ಇಲ್ಲಿ ನ್ಯಾಯಾಧೀಶರು ಕಾನೂನಿನ ಅಕ್ಷರಕ್ಕೆ ಕಟ್ಟುನಿಟ್ಟಾಗಿ ಅಂಟಿಕೊಳ್ಳಬೇಕಿಲ್ಲ. ಆ ಸಂದರ್ಭಕ್ಕೆ ಹೆಚ್ಚು ಅನುಕೂಲ ಮತ್ತು ಸಮಯೋಚಿತ ಎನಿಸಿದ ಪರಿಹಾರ ಕೊಡಬಹುದು. ಬ್ರೆಜಿಲ್‌ನಲ್ಲಿ 723ನೇ ವಿಧಿ, ಪೋರ್ಚುಗಲ್‌ನಲ್ಲಿ 987ನೇ ವಿಧಿ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಇದನ್ನು ಹೇಳುತ್ತವೆ. ಹಾಗಾಗಿ ತೀರ್ಪಿನಲ್ಲಿ 'ಕೊನ್ವೆನಿಯೆಂತೆ' ಮತ್ತು 'ಒಪೊರ್ತೂನೊ' ಎಂಬ ಪದಗಳು ಜೋಡಿಯಾಗಿ ಕಂಡರೆ, ಅದು ನ್ಯಾಯಾಧೀಶರ ಅಲಂಕಾರವಲ್ಲ, ಶಾಸನದ ಉಲ್ಲೇಖ. ಅನುವಾದದಲ್ಲಿ ಎರಡೂ ಉಳಿಯಬೇಕು.

ಎರಡನೆಯ ಗುಂಪು ರಾಜಿಯದು. ಇಂಗ್ಲೆಂಡಿನಲ್ಲಿ 'ಕನ್ಸೆಂಟ್ ಆರ್ಡರ್', ಅಮೆರಿಕದಲ್ಲಿ 'ಸ್ಟಿಪ್ಯುಲೇಟೆಡ್ ಜಡ್ಜ್‌ಮೆಂಟ್' ಅಥವಾ 'ಅಗ್ರೀಡ್ ಜಡ್ಜ್‌ಮೆಂಟ್', ಪೋರ್ಚುಗೀಸಿನಲ್ಲಿ 'ಅಕೋರ್ದೊ', ಅಂದರೆ ಒಪ್ಪಂದ, ಮಾಡಿಕೊಂಡು ಅದಕ್ಕೆ ನ್ಯಾಯಾಲಯದ 'ಒಮೊಲೊಗಸಾಂವ್', ಅಂದರೆ ಅನುಮೋದನೆ, ಪಡೆಯುವುದು. ಒಂದು ಗೊಂದಲ ಇಲ್ಲಿದೆ: ಬ್ರೆಜಿಲ್ ಸಂಹಿತೆ ಒಪ್ಪಿಗೆಯ ವಿಚ್ಛೇದನವನ್ನೂ 731ರಿಂದ 734ರವರೆಗಿನ ವಿಧಿಗಳಲ್ಲಿ, ಎದುರಾಳಿಯಿಲ್ಲದ ಅರ್ಜಿಗಳ ಅಧ್ಯಾಯದೊಳಗೇ ಇರಿಸಿದೆ. ಇಬ್ಬರೂ ಒಂದೇ ಕಡೆ ನಿಂತು ಕೇಳುತ್ತಿದ್ದಾರೆ, ಆದ್ದರಿಂದ ಎದುರಾಳಿ ಇಲ್ಲ ಎಂಬ ತರ್ಕ.

ಮೂರನೆಯದು ಗೈರುಹಾಜರಿ: ರೆವೆಲೀಯಾ, ಇಂಗ್ಲಿಷಿನ 'ಡಿಫಾಲ್ಟ್'. ಇಲ್ಲಿ ವ್ಯಾಜ್ಯ ಇದೆ, ವಾದಿ ಇದ್ದಾರೆ, ಪ್ರತಿವಾದಿಯ ಹೆಸರಿದೆ, ಪ್ರತಿವಾದವಷ್ಟೇ ಇಲ್ಲ. ಬ್ರೆಜಿಲ್‌ನಲ್ಲಿ 344ನೇ ವಿಧಿಯಂತೆ ವಾದಿ ಹೇಳಿದ ಸಂಗತಿಗಳನ್ನು ಸತ್ಯವೆಂದು ಭಾವಿಸಲಾಗುತ್ತದೆ, ಆದರೆ ಅದಕ್ಕೆ 345ನೇ ವಿಧಿಯಲ್ಲಿ ವಿನಾಯಿತಿಗಳಿವೆ. ಸತ್ಯವೆಂದು ಭಾವಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಪ್ರತಿವಾದಿ ಹಾಜರಾಗಿ 'ಹೌದು, ಅವರು ಕೇಳಿದ್ದು ಸರಿ' ಎಂದು ಹೇಳಿದರೆ ಅದು ನಾಲ್ಕನೆಯ, ಚಿಕ್ಕ ಗುಂಪು. ಪೋರ್ಚುಗಲ್‌ನಲ್ಲಿ ಅದಕ್ಕೆ 'ಕೊನ್ಫಿಸಾಂವ್ ದು ಪೆದೀದು' ಎನ್ನುತ್ತಾರೆ, ಅಪರಾಧ ಒಪ್ಪಿಕೊಳ್ಳುವುದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಮೂರನೆಯ ಹೆಜ್ಜೆ: ಪಕ್ಷಕಾರರನ್ನು ಏನೆಂದು ಕರೆದಿದ್ದಾರೆ ನೋಡಿ

ಪೋರ್ಚುಗೀಸಿನಲ್ಲಿ 'ಅವ್ತೋರ್' ಮತ್ತು 'ರೆವು' ಎಂದಿದ್ದರೆ ವಾದಿ, ಪ್ರತಿವಾದಿ, ಅದು ವ್ಯಾಜ್ಯ. 'ರೆಕೆರೆಂತೆ' ಎಂದಿದ್ದರೆ ಅರ್ಜಿದಾರ. 'ಇಂತೆರೆಸಾದೊ' ಎಂದಿದ್ದರೆ ಆ ವಿಷಯದಲ್ಲಿ ಹಿತಾಸಕ್ತಿ ಇರುವವರು, ಎದುರಾಳಿಯಲ್ಲ. ಅವರಿಗೆ ಬ್ರೆಜಿಲ್‌ನಲ್ಲಿ ತಮ್ಮ ಮಾತು ಹೇಳಲು 15 ದಿನ ಕೊಡುತ್ತಾರೆ. ಅವರನ್ನು ಇಂಗ್ಲಿಷಿನಲ್ಲಿ 'ಡಿಫೆಂಡೆಂಟ್' ಮಾಡಿಬಿಟ್ಟರೆ ಇಲ್ಲದ ಜಗಳವನ್ನು ನೀವೇ ಹುಟ್ಟಿಸಿದಿರಿ. ಬ್ರೆಜಿಲ್‌ನ ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಗೂ ರೆವು ಎಂದೇ ಕರೆಯುತ್ತಾರಾದ್ದರಿಂದ, ಆ ಪದ ಕಂಡಾಕ್ಷಣ ಯಾವ ನ್ಯಾಯಾಲಯ ಎಂದೂ ನೋಡಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಎಲ್ಲಿ ಮುಗಿಯಿತು?

ತಕರಾರಿಲ್ಲದ ಎಷ್ಟೋ ವಿಷಯಗಳು ಪೋರ್ಚುಗೀಸ್ ಮಾತಾಡುವ ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಇಂಗ್ಲಿಷ್ ಓದುಗರಿಗೆ ಇದು ಅಚ್ಚರಿ.

ಪೋರ್ಚುಗಲ್‌ನಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಿವಿಲ್ ನೋಂದಣಿ ಕಚೇರಿಯಲ್ಲಿ, ಅಂದರೆ 'ಕೊನ್ಸರ್ವತೋರಿಯಾ'ದಲ್ಲಿ ಆಗುತ್ತದೆ. 2001ರ 272ನೇ ಶಾಸನಾತ್ಮಕ ಆದೇಶ ಇದಕ್ಕೆ ಆಧಾರ. ದಂಪತಿ ಜಂಟಿ ಆಸ್ತಿಯ ಪಟ್ಟಿ, ಮಕ್ಕಳಿದ್ದರೆ ಅವರ ಜವಾಬ್ದಾರಿಯ ಒಪ್ಪಂದ, ಜೀವನಾಂಶ, ವಾಸದ ಮನೆ ಯಾರಿಗೆ ಎಂಬ ಒಪ್ಪಂದ ಕೊಡಬೇಕು. 2017ರಿಂದ ಸಾಕುಪ್ರಾಣಿ ಯಾರ ಬಳಿ ಇರಬೇಕೆಂಬುದೂ ಸೇರಿದೆ. ಅಪ್ರಾಪ್ತ ಮಕ್ಕಳಿದ್ದರೆ ಒಪ್ಪಂದ 'ಮಿನಿಸ್ತೇರಿಯೊ ಪೂಬ್ಲಿಕೊ'ಗೆ ಹೋಗುತ್ತದೆ, ಅಭಿಪ್ರಾಯ ಹೇಳಲು ಅವರಿಗೆ 30 ದಿನ. ಆ ಹೆಸರು ಸಚಿವಾಲಯದಂತೆ ಕೇಳಿಸಿದರೂ ಅದು ಸರ್ಕಾರಿ ಅಭಿಯೋಜಕರ ಸಂಸ್ಥೆ. ಬೇರೆಯಾಗಲು ಒಪ್ಪಿ, ಮನೆಯಂಥ ಈ ವಿಷಯಗಳಲ್ಲಿ ಒಂದರಲ್ಲಾದರೂ ಒಪ್ಪದಿದ್ದರೆ ನ್ಯಾಯಾಲಯ.

ಬ್ರೆಜಿಲ್‌ನಲ್ಲಿ 2007ರ 11.441ನೇ ಕಾನೂನು ಬಂದ ಮೇಲೆ ಒಪ್ಪಿಗೆಯ ವಿಚ್ಛೇದನ ಮತ್ತು ವಾರಸುದಾರರು ಒಪ್ಪಿದ ಆಸ್ತಿ ಹಂಚಿಕೆ ನೋಟರಿಯ ಮುಂದೆ, 'ಎಸ್ಕ್ರಿತೂರ ಪೂಬ್ಲಿಕ' ಎಂಬ ದಸ್ತಾವೇಜಿನ ಮೂಲಕ ನಡೆಯಬಹುದು. ವಕೀಲರು ಇರಲೇಬೇಕು. ಅಪ್ರಾಪ್ತ ಮಕ್ಕಳಿದ್ದರೆ ಈ ದಾರಿ ಬಹುಕಾಲ ಮುಚ್ಚಿತ್ತು. ಮಕ್ಕಳ ಪಾಲನೆ, ಭೇಟಿ, ಜೀವನಾಂಶ ಮೊದಲೇ ನ್ಯಾಯಾಲಯದಲ್ಲಿ ತೀರ್ಮಾನವಾಗಿದ್ದರೆ ನೋಟರಿಯ ಬಳಿ ಹೋಗಬಹುದೆಂದು 2024ರ ನಿರ್ಣಯವೊಂದು ಬಾಗಿಲು ತೆರೆಯಿತು.

ಅನುವಾದಕರಿಗೆ ಇದರಿಂದ ಎರಡು ಕೆಲಸ. ಒಂದು, ಇಂಥ ದಾಖಲೆಗೆ 'ತೀರ್ಪು' ಅಥವಾ 'ಡಿಕ್ರಿ' ಎಂಬ ಪದ ಹಾಕಬೇಡಿ. ನ್ಯಾಯಾಧೀಶರ ಕೈ ಅದಕ್ಕೆ ತಾಗಿಯೇ ಇಲ್ಲ. ಎರಡು, ನೋಟರಿ ಎಂದಾಗ ಎಚ್ಚರ. ಅಮೆರಿಕದ 'ನೋಟರಿ ಪಬ್ಲಿಕ್' ಹೆಚ್ಚಾಗಿ ಸಹಿಗೆ ಸಾಕ್ಷಿ ನಿಲ್ಲುವವರು. ಬ್ರೆಜಿಲ್‌ನ 'ತಬೆಲಿಯಾಂವ್' ಕಾನೂನು ಓದಿ, ಸ್ಪರ್ಧಾ ಪರೀಕ್ಷೆ ಪಾಸಾಗಿ, ದಸ್ತಾವೇಜಿನ ಒಳಗಿರುವುದಕ್ಕೂ ಹೊಣೆ ಹೊರುವವರು. ಬರೀ 'ನೋಟರಿ ಪಬ್ಲಿಕ್' ಎಂದು ಬರೆದರೆ ಅಮೆರಿಕದ ಗುಮಾಸ್ತರು 'ಇದೇನು, ಯಾರೋ ಸಹಿ ನೋಡಿದ ಕಾಗದ' ಎಂದು ಬದಿಗೆ ಸರಿಸಬಹುದು. 'ಸಿವಿಲ್ ಲಾ ನೋಟರಿ' ಎಂದು ಬರೆಯಿರಿ.

ಇಂಗ್ಲೆಂಡಿನ ಪ್ರೊಬೇಟ್, ಅಂದರೆ ಉಯಿಲಿಗೆ ಅಧಿಕೃತ ಮಾನ್ಯತೆ, ಇದಕ್ಕೆ ತಿರುವುಮುರುವು. ಉಯಿಲಿಗೆ ಯಾರ ತಕರಾರೂ ಇಲ್ಲದಿದ್ದರೂ ಅಲ್ಲಿ ಸಾಮಾನ್ಯವಾಗಿ ಪ್ರೊಬೇಟ್ ನೋಂದಣಿ ಕಚೇರಿಯ ಆದೇಶ ಬೇಕು. 1987ರ ನಿಯಮಗಳ ಹೆಸರೇ 'ನಾನ್‌ಕಂಟೆನ್ಷಿಯಸ್ ಪ್ರೊಬೇಟ್ ರೂಲ್ಸ್'. ತಕರಾರಿಲ್ಲದ ಪ್ರೊಬೇಟ್‌ಗೆ 'ಕಾಮನ್ ಫಾರ್ಮ್', ವಿಚಾರಣೆ ನಡೆದು ಬಂದದ್ದಕ್ಕೆ 'ಸಾಲೆಮ್ ಫಾರ್ಮ್' ಎಂದು ಹೆಸರು. ಯಾರಾದರೂ 'ಕೇವಿಯಟ್', ಅಂದರೆ ಆದೇಶ ತಡೆಯುವ ಮುನ್ನೆಚ್ಚರಿಕೆ ಅರ್ಜಿ, ಹಾಕಿದರೆ ಆರು ತಿಂಗಳು ಆದೇಶ ಹೊರಬೀಳುವುದಿಲ್ಲ. 'ಕಾಮನ್ ಫಾರ್ಮ್' ಎಂಬುದನ್ನು 'ಸಾಮಾನ್ಯ ನಮೂನೆ' ಎಂಬರ್ಥದ ಪೋರ್ಚುಗೀಸ್ ಪದಗಳಿಗೆ ತಿರುಗಿಸಿದ ಅನುವಾದವೊಂದು ನನ್ನ ಬಳಿ ತಿದ್ದುಪಡಿಗೆ ಬಂದಿತ್ತು. ಓದಿದವರು ಯಾವ ನಮೂನೆ ತುಂಬಬೇಕೆಂದು ಕೇಳುತ್ತಿದ್ದರು.

ಐದನೆಯ ಹೆಜ್ಜೆ: ಮೋಸದ ಪದಗಳನ್ನು ದಾಟಿ

ನಾನೇ ಬಿದ್ದ ಗುಂಡಿಯಿಂದ ಆರಂಭಿಸುತ್ತೇನೆ. 'ಕೊಂತೆಸ್ತಸಾಂವ್' ಎಂದರೆ ವಿವಾದ ಎಂದು ಭಾವಿಸಿ, 'ಅದನ್ನು ಸಲ್ಲಿಸಲಾಗಿಲ್ಲ' ಎಂಬ ಸಾಲನ್ನು 'ವಿವಾದವಿಲ್ಲ' ಎಂದು ಮುಗಿಸಿದ್ದೆ. ಅದು ವಾಸ್ತವದಲ್ಲಿ ಪ್ರತಿವಾದಿಯ ಲಿಖಿತ ಹೇಳಿಕೆ. ಅದು ಸಲ್ಲಿಕೆಯಾಗಿಲ್ಲ ಎಂದರೆ ಗೈರುಹಾಜರಿಯ ಗುಂಪು. ನನ್ನ ಅನುವಾದದಲ್ಲಿ ಅದು ರಾಜಿಯಂತೆ ಓದಿಸಿಕೊಂಡಿತ್ತು. ಕಕ್ಷಿದಾರರ ವಕೀಲರು ಕಡತ ನೋಡಿ ಹಿಡಿದರು, ಬದುಕಿಕೊಂಡೆ.

'ತ್ರಾಂಜಸಾಂವ್' ಸಿವಿಲ್ ಕಾನೂನಿನಲ್ಲಿ ವ್ಯವಹಾರವಲ್ಲ, ಪರಸ್ಪರ ಬಿಟ್ಟುಕೊಟ್ಟು ಮಾಡಿಕೊಂಡ ರಾಜಿ. 'ಇನ್ವೆಂತಾರಿಯೊ' ಸಾಮಾನುಪಟ್ಟಿಯಲ್ಲ, ತೀರಿಕೊಂಡವರ ಆಸ್ತಿಯನ್ನು ಗುರುತಿಸಿ ಹಂಚುವ ಇಡೀ ಪ್ರಕ್ರಿಯೆ. ಪೋರ್ಚುಗಲ್‌ನ 'ಕೊನ್ಸರ್ವದೋರ್' ನೋಂದಣಾಧಿಕಾರಿ. ಅಮೆರಿಕದ 'ಕನ್ಸರ್ವೇಟರ್' ಅಶಕ್ತರ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರು. 'ಅಲ್ವಾರಾ' ಬ್ರೆಜಿಲ್‌ನ ನ್ಯಾಯಾಲಯದಿಂದ ಬಂದದ್ದಾದರೆ ಹಣ ಪಡೆಯಲು ಅಥವಾ ಆಸ್ತಿ ಮಾರಲು ಕೊಟ್ಟ ಅನುಮತಿ. ಪೋರ್ಚುಗಲ್‌ನಲ್ಲಿ ಅದೇ ಪದ ಕೇಳಿದರೆ ಜನರಿಗೆ ಪರವಾನಗಿ ನೆನಪಾಗುತ್ತದೆ. ಆರಂಭದಲ್ಲಿ ಹೇಳಿದ ಮಗಳಿಗೆ ಬೇಕಿದ್ದದ್ದು ಮೊದಲನೆಯದು.

ಇಂಗ್ಲಿಷಿನ ಕಡೆಯಿಂದಲೂ ಹೊಂಚು ಹಾಕಿದವು ಇವೆ. 'ನೋ ಕಂಟೆಸ್ಟ್' ಎಂಬುದು ಅಮೆರಿಕದ ಕ್ರಿಮಿನಲ್ ನ್ಯಾಯಾಲಯದಲ್ಲಿ ಆರೋಪಿ ತಪ್ಪನ್ನು ಒಪ್ಪಿಕೊಳ್ಳದೆಯೂ ಶಿಕ್ಷೆಗೆ ಒಳಗಾಗಲು ಸಿದ್ಧ ಎನ್ನುವ ಹೇಳಿಕೆ. ನಮ್ಮ ವಿಷಯಕ್ಕೆ ಅದು ಹೊರಗಿನದು. 'ಎಕ್ಸ್ ಪಾರ್ಟೆ' ಕನ್ನಡಿಗರನ್ನೇ ಹೆಚ್ಚು ಬೀಳಿಸುತ್ತದೆ. ನಮ್ಮ ಬಳಕೆಯಲ್ಲಿ ಏಕಪಕ್ಷೀಯ ಎಂದರೆ ಕರೆದರೂ ಪ್ರತಿವಾದಿ ಬಾರದೆ ಹೋದದ್ದು. ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಆ ಪದ ಬಂದರೆ ಹೆಚ್ಚಾಗಿ ಎದುರುಪಕ್ಷಕ್ಕೆ ತಿಳಿಸದೆಯೇ ಮಾಡಿದ ಅರ್ಜಿ. ಇಂಗ್ಲೆಂಡಿನಲ್ಲಿ 1999ರ ಹೊಸ ನಿಯಮಗಳು ಬಂದ ಮೇಲೆ ಅದನ್ನು 'ವಿದೌಟ್ ನೋಟಿಸ್' ಎಂದೇ ಬಿಡಿಸಿ ಹೇಳುತ್ತಾರೆ, ಒಳ್ಳೆಯದೇ ಆಯಿತು. ಇದನ್ನು ರೆವೆಲೀಯಾ ಎಂದು ಅನುವಾದಿಸಿದರೆ, ಸುದ್ದಿಯೇ ತಿಳಿಯದ ವ್ಯಕ್ತಿಯನ್ನು ಬೇಜವಾಬ್ದಾರಿ ಮಾಡಿದಂತಾಗುತ್ತದೆ.

ಆರನೆಯ ಹೆಜ್ಜೆ: ಬೀಗ ಬಿದ್ದಿದೆಯೇ, ಬಾಗಿಲು ಓರೆಯಾಗಿದೆಯೇ

ಮೊಕದ್ದಮೆಯನ್ನು ಹಿಂತೆಗೆದುಕೊಂಡು ಮುಗಿಸಿದ್ದರೆ ಅದನ್ನು ಮತ್ತೆ ಹೂಡಬಹುದೇ ಎಂಬುದು ಮುಖ್ಯ. ಪೋರ್ಚುಗಲ್‌ನಲ್ಲಿ 'ದೆಜಿಸ್ತೆನ್ಸಿಯಾ ದ ಇನ್‌ಸ್ತಾನ್ಸಿಯಾ' ಎಂದರೆ ಆ ಪ್ರಕರಣ ಮಾತ್ರ ಮುಗಿಯಿತು, 'ದೆಜಿಸ್ತೆನ್ಸಿಯಾ ದು ಪೆದೀದು' ಎಂದರೆ ಹಕ್ಕನ್ನೇ ಬಿಟ್ಟುಕೊಟ್ಟರು. ಬ್ರೆಜಿಲ್‌ನಲ್ಲಿ ಮೊದಲನೆಯದಕ್ಕೆ ದೆಜಿಸ್ತೆನ್ಸಿಯಾ, ಎರಡನೆಯದಕ್ಕೆ 'ರೆನೂನ್ಸಿಯಾ'. ಅಮೆರಿಕದ 'ವಿದೌಟ್ ಪ್ರೆಜುಡಿಸ್' ಮತ್ತು 'ವಿತ್ ಪ್ರೆಜುಡಿಸ್' ಇವಕ್ಕೆ ಹತ್ತಿರ. ಪೋರ್ಚುಗೀಸಿನ 'ಸೆಂ ಪ್ರೆಜುವೀಜು ದೆ' ಮಾತ್ರ ಆ ಜೋಡಿಯದ್ದಲ್ಲ. ಅದು 'ಇದಕ್ಕೆ ಬಾಧಕವಾಗದಂತೆ' ಎನ್ನುವ ಮಾತು.

ಮೇಲ್ಮನವಿಯ ಅವಧಿ ಮುಗಿದಿದೆ ಎನ್ನಲು 'ತ್ರಾಂಜಿತು ಎಂ ಜುಲ್ಗಾದು' ಎಂಬ ಷರಾ ಇರುತ್ತದೆ. ಇಂಗ್ಲೆಂಡಿನ ವಿಚ್ಛೇದನದಲ್ಲಿ ಇದರ ಜಾಗಕ್ಕೆ ಎರಡು ಹಂತ. ಅರ್ಜಿ ದಾಖಲಾಗಿ 20 ವಾರಗಳ ನಂತರ 'ಕಂಡಿಷನಲ್ ಆರ್ಡರ್' ಕೇಳಬಹುದು, ಅದಾಗಿ ಆರು ವಾರ ಕಳೆದ ಮೇಲೆ 'ಫೈನಲ್ ಆರ್ಡರ್'. ಮೊದಲಿನದನ್ನಷ್ಟೇ ಹಿಡಿದು ಬಂದವರು ಕಾನೂನಿನ ಕಣ್ಣಿನಲ್ಲಿ ಇನ್ನೂ ವಿವಾಹಿತರು. ಅನುವಾದ ಶುರುಮಾಡುವ ಮೊದಲೇ ಅವರಿಗೆ ಇದನ್ನು ಹೇಳಿಬಿಡಿ.

ಏಳನೆಯ ಹೆಜ್ಜೆ: ಯಾವ ದೇಶದ ಪೋರ್ಚುಗೀಸ್?

ಮಕ್ಕಳ ಮೇಲಿನ ಅಧಿಕಾರಕ್ಕೆ ಬ್ರೆಜಿಲ್‌ನಲ್ಲಿ 'ಪೊದೇರ್ ಫಮಿಲಿಯಾರ್'. ಪೋರ್ಚುಗಲ್ 2008ರ 61ನೇ ಕಾನೂನಿನಿಂದ 'ರೆಸ್ಪೊನ್ಸಬಿಲಿದಾದೆಸ್ ಪರೆಂತಾಯಿಸ್' ಎಂದು, ಅಧಿಕಾರದಿಂದ ಜವಾಬ್ದಾರಿಗೆ, ಹೆಸರು ಬದಲಿಸಿಕೊಂಡಿತು. ಅದೇ ಕಾನೂನು 'ಲಿತಿಜಿಯೋಜೊ' ಎಂಬ ಜಗಳದ ವಿಚ್ಛೇದನದ ಹೆಸರನ್ನು ತೆಗೆದು 'ಇನ್ನೊಬ್ಬ ಸಂಗಾತಿಯ ಒಪ್ಪಿಗೆಯಿಲ್ಲದ ವಿಚ್ಛೇದನ' ಎಂದು ಇಟ್ಟಿತು. ಬ್ರೆಜಿಲ್‌ನಲ್ಲಿ ಹಳೆಯ ಹೆಸರೇ ಬಳಕೆಯಲ್ಲಿದೆ. ದಾಖಲೆಯ ಅಂಚಿನಲ್ಲಿ ನೋಂದಣಿ ಬದಲಾವಣೆ ಬರೆಯುವುದಕ್ಕೆ ಬ್ರೆಜಿಲ್‌ನಲ್ಲಿ 'ಅವೆರ್ಬಸಾಂವ್', ಪೋರ್ಚುಗಲ್‌ನಲ್ಲಿ 'ಅವೆರ್ಬಮೆಂತು'. ಗುರಿಯ ದೇಶದ ಪದವನ್ನೇ ಬಳಸಿ.

ಎಂಟನೆಯ ಹೆಜ್ಜೆ: ಮೊಹರು, ಪ್ರಮಾಣ, ನಂತರ ಬ್ರೆಜಿಲ್‌ನ ಕಿಟಕಿ

ಅಪೊಸ್ಟಿಲ್, ಅಂದರೆ ದಾಖಲೆ ಬೇರೆ ದೇಶದಲ್ಲಿ ನಡೆಯಲು ಅದಕ್ಕೆ ಅಂಟಿಸುವ ದೃಢೀಕರಣ ಪತ್ರ, ಮೊದಲು; ಅನುವಾದ ಆಮೇಲೆ. ಅಪೊಸ್ಟಿಲ್ ಪುಟವನ್ನೂ ಅನುವಾದಿಸಬೇಕಲ್ಲ. ಬ್ರಿಟನ್, ಅಮೆರಿಕ, ಪೋರ್ಚುಗಲ್ ಹಳೆಯ ಸದಸ್ಯರು, ಬ್ರೆಜಿಲ್‌ನಲ್ಲಿ 1961ರ ಹೇಗ್ ಒಪ್ಪಂದ ಜಾರಿಗೆ ಬಂದದ್ದು 2016ರ ಆಗಸ್ಟ್ 14ರಂದು. ಬ್ರೆಜಿಲ್‌ಗೆ ಅಲ್ಲಿನ 'ತ್ರದುತೋರ್ ಜುರಮೆಂತಾದೊ', ಅಂದರೆ ಪ್ರಮಾಣವಚನ ಪಡೆದ ಅನುವಾದಕರ ಸಹಿ ಬೇಕಾಗುತ್ತದೆ. ಪೋರ್ಚುಗಲ್‌ನಲ್ಲಿ ಅಂಥ ಪ್ರತ್ಯೇಕ ವೃತ್ತಿಯಿಲ್ಲ. ನೋಟರಿ ಅಥವಾ ವಕೀಲರ ಮುಂದೆ ಅನುವಾದವನ್ನು ದೃಢೀಕರಿಸುತ್ತಾರೆ.

ಈಗ ಆ ನ್ಯೂಯಾರ್ಕ್ ತೀರ್ಪಿಗೆ ಮರಳೋಣ. ಬ್ರೆಜಿಲ್‌ನ ಸಂಹಿತೆಯ 961ನೇ ವಿಧಿಯ 5ನೇ ಉಪವಿಧಿಯಂತೆ, ವಿದೇಶದ ಒಪ್ಪಿಗೆಯ ವಿಚ್ಛೇದನಕ್ಕೆ ಬ್ರಸೀಲಿಯಾದಲ್ಲಿರುವ ಉನ್ನತ ನ್ಯಾಯಪೀಠದ, ಅಂದರೆ ಎಸ್‌ಟಿಜೆಯ ಮಾನ್ಯತೆ ಬೇಕಿಲ್ಲ. ಮಕ್ಕಳು, ಜೀವನಾಂಶ, ಆಸ್ತಿ ಹಂಚಿಕೆ ಯಾವುದೂ ಅದರಲ್ಲಿ ಇಲ್ಲದೆ ಬರೀ ಮದುವೆ ಮುಗಿದಿದೆ ಎಂದಷ್ಟೇ ಇದ್ದರೆ, ನೇರವಾಗಿ ನೋಂದಣಿ ಕಚೇರಿಯ ಕಿಟಕಿಗೆ ಹೋಗಬಹುದು. ಆ ಮೂರರಲ್ಲಿ ಒಂದಿದ್ದರೂ ಎಸ್‌ಟಿಜೆಗೆ ಹೋಗಬೇಕು.

ಗೈರುಹಾಜರಿಯ ತೀರ್ಪಾದರೆ ಆ ಕಿಟಕಿ ಇಲ್ಲ. 963ನೇ ವಿಧಿ ಹೇಳುವಂತೆ, ಪ್ರತಿವಾದಿ ಬಾರದೆ ಹೋಗಿದ್ದರೂ ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿತ್ತೆಂದು ಎಸ್‌ಟಿಜೆಯ ಮುಂದೆ ತೋರಿಸಬೇಕು. ಹಾಗಾಗಿ ಅನುವಾದದ ಕಟ್ಟಿಗೆ ತೀರ್ಪಿನ ಜೊತೆ ಸಮನ್ಸ್ ಜಾರಿಮಾಡಿದವರ ಪ್ರಮಾಣಪತ್ರವೂ ಸೇರಬೇಕು: ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟರು ಎಂದು ಬರೆದಿರುವ ಆ ಒಂದು ಪುಟ. ಕಕ್ಷಿದಾರರು 'ಅದೇನೂ ಮುಖ್ಯವಲ್ಲ' ಎಂದು ಮನೆಯಲ್ಲಿ ಬಿಟ್ಟು ಬರುವುದು ಹೆಚ್ಚಾಗಿ ಅದನ್ನೇ.